ಒಂದೇ ಥಾನು, ಎರಡು ಬಣ್ಣ: ಒಂದು ಸ್ಯಾಟಿನ್ ಗೌನಿನ ಪ್ರಕರಣ

ಕಡು ನೀಲಿ ಸ್ಯಾಟಿನ್ ಬಟ್ಟೆಯ ಉದ್ದನೆ ಗೌನು. ಸೊಂಟದಿಂದ ಕೆಳಗೆ ಆರು ಪ್ಯಾನೆಲ್. ಆರನ್ನೂ ಒಂದೇ ಥಾನಿನಿಂದ ಕತ್ತರಿಸಿದ್ದಾರೆ. ಆದರೆ ಮುಂಭಾಗದ ಬಲಗಡೆಯ ಪ್ಯಾನೆಲ್ ಉಳಿದ ಐದರ ಜೊತೆ ಸೇರುತ್ತಿಲ್ಲ. ಬೇರೆ ಬಟ್ಟೆ ತಂದು ತೇಪೆ ಹಾಕಿದ ಹಾಗೆ ಕಾಣುತ್ತದೆ. ಇದು ನನ್ನ ಮುಂದೆ ಬಂದ ದೂರು.

ಬಟ್ಟೆಯಲ್ಲಿ ಕಾಣುವ ದೋಷಗಳಿಗೆ ಕಾರಣ ಹುಡುಕಿಕೊಡುವುದು ನನ್ನ ಕೆಲಸ. ಶೇಡ್ ವ್ಯತ್ಯಾಸದ ದೂರುಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಬಣ್ಣದ ಬ್ಯಾಚ್ ಬೇರೆಯಾಗಿದ್ದರಿಂದ ಆದವು. ಅವುಗಳ ಬಗ್ಗೆ ಬರೆಯಲು ಏನೂ ಇರುವುದಿಲ್ಲ. ಈ ಗೌನಿನ ಕತೆ ಹಾಗಲ್ಲ. ಇಲ್ಲಿ ಇಬ್ಬರು ಒಂದಕ್ಕೊಂದು ತದ್ವಿರುದ್ಧವಾದ ಮಾತು ಹೇಳಿದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು.

ಗೌನು ಹೊಲಿಸಿದವರ ಮಾತು ಹೀಗಿತ್ತು: "ಆ ಒಂದು ಪ್ಯಾನೆಲ್ ಕಪ್ಪಗೆ ಕಾಣುತ್ತೆ. ಮಾಸ್ಟರ್, ನೀವು ಬೇರೆ ಬಟ್ಟೆ ಹಾಕಿದ್ದೀರಿ."

ಟೈಲರ್ ಮಾಸ್ಟರ್ ಒಪ್ಪಲಿಲ್ಲ. "ಕಪ್ಪಗೆಲ್ಲಿ ಮೇಡಂ? ಬೆಳ್ಳಗೆ ಬಿಳಿಚಿಕೊಂಡಿದೆ. ಬಟ್ಟೆ ನಿಮ್ಮ ಥಾನಿನದ್ದೇ. ಬಣ್ಣ ಹಾಕಿದವರ ಕಡೆಯಿಂದಲೇ ತಪ್ಪಾಗಿರಬೇಕು."

ಕಪ್ಪೋ ಬಿಳಿಯೋ ಎನ್ನುವುದರಲ್ಲೇ ಒಮ್ಮತವಿಲ್ಲ. ಕಣ್ಣಿಗೆ ಕಾಣುವ ವಿಷಯದಲ್ಲಿ ಇಬ್ಬರು ಅನುಭವಿಗಳು ಹೀಗೆ ಜಗಳವಾಡಿದರೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಇಬ್ಬರಿಂದಲೂ ಫೋಟೋ ಕೇಳಿದೆ.

ಮೇಡಂ ಕಳಿಸಿದ ಫೋಟೋದಲ್ಲಿ ಗೌನನ್ನು ಸ್ಟ್ಯಾಂಡಿಗೆ ಹಾಕಿದ್ದರು. ಎಡಗಡೆ ದೊಡ್ಡ ಕಿಟಕಿ, ಬೆಳಗಿನ ಬೆಳಕು. ಐದು ಪ್ಯಾನೆಲ್ ಹೊಳೆಯುತ್ತಿದ್ದವು. ಆರನೆಯದು ಮಂಕಾಗಿ, ಹೆಚ್ಚುಕಡಿಮೆ ಕಪ್ಪಗೆ ಇತ್ತು. ಮಾಸ್ಟರ್ ಫೋಟೋ ತೆಗೆದದ್ದು ರಾತ್ರಿ, ತಲೆಯ ಮೇಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ. ಅಲ್ಲಿ ಐದು ಪ್ಯಾನೆಲ್ ಗಾಢವಾಗಿದ್ದವು, ಆರನೆಯದು ಬೂದಿ ಬಳಿದಂತೆ ತೆಳುನೀಲಿ. ಮೇಡಂ ಇನ್ನೊಂದು ಫೋಟೋ ಕೂಡ ಕಳಿಸಿದ್ದರು. ಅದನ್ನು ಎದುರಿಗೆ ನಿಂತು ಫ್ಲ್ಯಾಶ್ ಹಾಕಿ ತೆಗೆದಿದ್ದರು. "ಇದು ಸರಿಯಾಗಿ ಬಂದಿಲ್ಲ, ಬಿಟ್ಟುಬಿಡಿ" ಎಂದು ಕೆಳಗೆ ಬರೆದಿದ್ದರು. ಅದರಲ್ಲಿ ಆರೂ ಪ್ಯಾನೆಲ್ ಒಂದೇ ಬಣ್ಣ.

ಬಿಟ್ಟುಬಿಡಿ ಅಂದ ಆ ಫೋಟೋ ನೋಡಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಬಣ್ಣ ಜಾಸ್ತಿ ಕುಡಿದ ಬಟ್ಟೆ ಬೆಳಿಗ್ಗೆಯೂ ಗಾಢ, ರಾತ್ರಿಯೂ ಗಾಢ. ಬೆಳಕಿನ ಬಗೆ ಬದಲಾದರೆ ಒಂದಿಷ್ಟು ಹೆಚ್ಚುಕಮ್ಮಿ ಆಗಬಹುದು. ಆದರೆ ಕಪ್ಪಾಗಿದ್ದದ್ದು ಬೆಳ್ಳಗಾಗಿ, ಆಮೇಲೆ ವ್ಯತ್ಯಾಸವೇ ಮಾಯವಾಗುವುದು ಬಣ್ಣದ ಕೆಲಸವಲ್ಲ.

ಆದರೂ ಅಳೆದು ನೋಡದೆ ಹೇಳುವಂತಿರಲಿಲ್ಲ. ಗೌನನ್ನು ತರಿಸಿಕೊಂಡು ಪ್ಯಾನೆಲ್‌ಗಳನ್ನು ಬಣ್ಣ ಅಳೆಯುವ ಯಂತ್ರಕ್ಕೆ ಹಿಡಿದೆ. ಈ ಯಂತ್ರದ ಒಳಗೆ ಬಿಳಿ ಬಳಿದ ಟೊಳ್ಳು ಗೋಳ ಇರುತ್ತದೆ. ಬೆಳಕು ಅದರೊಳಗೆ ಚೆದುರಿ ಎಲ್ಲ ದಿಕ್ಕಿನಿಂದಲೂ ಬಟ್ಟೆಯ ಮೇಲೆ ಬೀಳುತ್ತದೆ. ಎರಡು ಬಣ್ಣಗಳ ಅಂತರವನ್ನು ಒಂದು ಅಂಕಿಯಲ್ಲಿ ಹೇಳುತ್ತದೆ. ಆ ಅಂಕಿಗೆ ಆಧಾರ 1976ರಲ್ಲಿ ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಆಯೋಗವಾದ ಸಿಐಇ ಗೊತ್ತುಮಾಡಿದ ಲ್ಯಾಬ್ ಪದ್ಧತಿ. ನಮ್ಮ ಆರನೇ ಪ್ಯಾನೆಲ್‌ಗೂ ಉಳಿದವಕ್ಕೂ ಇದ್ದ ಅಂತರ 1ಕ್ಕಿಂತ ಕಡಿಮೆ. ಅಷ್ಟು ಸಣ್ಣ ಅಂತರಕ್ಕೆ ಯಾರೂ ದೂರು ತರುವುದಿಲ್ಲ. ಬಣ್ಣ ಒಂದೇ ಬ್ಯಾಚಿನದು.

ಯಂತ್ರ "ಒಂದೇ" ಅನ್ನುತ್ತದೆ, ಕಣ್ಣು "ಬೇರೆ" ಅನ್ನುತ್ತದೆ. ಎಷ್ಟೋ ಕಡೆ ತನಿಖೆ ಇಲ್ಲಿಗೇ ನಿಂತುಬಿಡುತ್ತದೆ. ರಿಪೋರ್ಟ್ ಸರಿ ಇದೆ, ನಿಮ್ಮ ಕಣ್ಣಿಗೇ ಹಾಗೆ ಕಾಣುತ್ತಿದೆ ಎಂದು ಹೇಳಿ ಕಳಿಸಿಬಿಡುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ. ಎಲ್ಲ ಕಡೆಯಿಂದಲೂ ಬೆಳಕು ಬಿಟ್ಟು ದಿಕ್ಕನ್ನೇ ಅಳಿಸಿಹಾಕುವ ಯಂತ್ರಕ್ಕೆ ದಿಕ್ಕಿನಿಂದ ಆದ ವ್ಯತ್ಯಾಸ ಹೇಗೆ ತಾನೇ ಗೊತ್ತಾಗಬೇಕು? ಬಟ್ಟೆ ಹಾಕಿಕೊಳ್ಳುವವರು ಗೋಳದೊಳಗೆ ಓಡಾಡುವುದಿಲ್ಲ. ಅವರ ಮೇಲೆ ಬೆಳಕು ಬೀಳುವುದು ಕಿಟಕಿಯಿಂದ, ದೀಪದಿಂದ, ಒಂದು ಕಡೆಯಿಂದ.

ಟಾರ್ಚ್ ಹಿಡಿದು ನೋಡಿದ್ದು

ಗೌನನ್ನು ಮೇಜಿನ ಮೇಲೆ ಹಾಸಿ, ಆರನೇ ಪ್ಯಾನೆಲ್ ಮತ್ತು ಅದರ ಪಕ್ಕದ್ದು ಎರಡೂ ಸಪಾಟಾಗಿರುವಂತೆ ಪಿನ್ ಮಾಡಿದೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿನ ಒಂದು ಬದಿಯಲ್ಲಿ ಓರೆಯಾಗಿ ನಿಲ್ಲಿಸಿದೆ. ಆಮೇಲೆ ಸುಮ್ನೆ ಮೇಜಿನ ಸುತ್ತ ನಡೆದೆ.

ನಡೆಯುತ್ತಿದ್ದ ಹಾಗೇ ಒಂದು ಪ್ಯಾನೆಲ್‌ನ ಹೊಳಪು ನಿಧಾನವಾಗಿ ಆರಿ, ಇನ್ನೊಂದು ಬೆಳಗತೊಡಗಿತು. ಮಧ್ಯದಲ್ಲಿ ಒಂದು ಜಾಗ ಬಂತು. ಅಲ್ಲಿ ನಿಂತರೆ ಎರಡೂ ಒಂದೇ. ಒಂದು ಹೆಜ್ಜೆ ಮುಂದಿಟ್ಟರೆ ಹೊಲಿಗೆಯ ಗೆರೆಯ ಉದ್ದಕ್ಕೂ ಬಣ್ಣ ಎರಡಾಗಿ ಸೀಳಿಹೋಗುತ್ತಿತ್ತು. ಎಷ್ಟು ವರ್ಷ ಈ ಕೆಲಸ ಮಾಡಿದರೂ ಇದನ್ನು ನೋಡುವ ಖುಷಿ ನನಗೆ ಕಮ್ಮಿಯಾಗಿಲ್ಲ. ಬಟ್ಟೆ ಅಲ್ಲೇ ಬಿದ್ದಿದೆ, ದೀಪವೂ ಅಲ್ಲೇ ಇದೆ, ಸರಿದದ್ದು ನನ್ನ ಕಣ್ಣು ಮಾತ್ರ.

ಇನ್ನು ಭೂತಗನ್ನಡಿ. ಐದು ಪ್ಯಾನೆಲ್‌ಗಳಲ್ಲಿ ಹೊಳೆಯುವ ಎಳೆಗಳು ಸೊಂಟದಿಂದ ಪಾದದ ಕಡೆಗೆ, ಒಂದಕ್ಕೊಂದು ಒತ್ತಿಕೊಂಡು, ಬಾಚಿದ ಕೂದಲಿನಂತೆ ಮಲಗಿದ್ದವು. ಆರನೆಯದರಲ್ಲೂ ಅವೇ ಎಳೆಗಳು, ಅದೇ ಬಣ್ಣ, ಅದೇ ಹೊರಮೈ. ಆದರೆ ಅವು ಅಡ್ಡಡ್ಡ ಮಲಗಿದ್ದವು. ಒಳಗಿನ ಹೊಲಿಗೆಯಂಚಿನಿಂದ ಒಂದೆರಡು ನೂಲು ಎಳೆದು ನೋಡಿ ಖಾತ್ರಿ ಮಾಡಿಕೊಂಡೆ. ಬಹುತೇಕ ತಿರುಚೇ ಇಲ್ಲದ, ನುಣುಪಾದ ಹಾಸಿನ ನೂಲು, ಅಂದರೆ ಥಾನಿನ ಉದ್ದಕ್ಕೆ ಓಡುವ ನೂಲು, ಐದು ಪ್ಯಾನೆಲ್‌ಗಳಲ್ಲಿ ಮೇಲಿನಿಂದ ಕೆಳಕ್ಕೆ ಬಂತು. ಆರನೆಯದರಲ್ಲಿ ಎಡದಿಂದ ಬಲಕ್ಕೆ.

ಮಾಸ್ಟರ್‌ಗೆ ಫೋನ್ ಮಾಡಿದೆ. "ಮಾಸ್ಟರ್, ಆ ಪ್ಯಾನೆಲ್‌ಗೆ ಬಟ್ಟೆ ಸಾಲಲಿಲ್ವಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಹೌದು ಸರ್. ಉದ್ದದಲ್ಲಿ ನಾಲ್ಕು ಬೆರಳು ಕಮ್ಮಿ ಬಂತು. ಅಗಲದಲ್ಲಿ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಒಂದೇ ಬಣ್ಣ, ಹೂವಿಲ್ಲ, ಗೆರೆಯಿಲ್ಲ. ಹೊರಮೈ ಕೂಡ ಸರಿಯಾಗೇ ಇಟ್ಟೆ. ಏನಾಗುತ್ತೆ ಅಂದ್ಕೊಂಡೆ."

ಅವರ ಲೆಕ್ಕ ತಪ್ಪಲ್ಲ. ಸಾದಾ ನೇಯ್ಗೆಯ ಹತ್ತಿ ಬಟ್ಟೆಯಾಗಿದ್ದರೆ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಹಾಸು ಒಂದು ಹೊಕ್ಕಿನ, ಅಂದರೆ ಅಡ್ಡ ನೂಲಿನ, ಮೇಲೆ ಹೋದರೆ ಮುಂದಿನದರ ಕೆಳಗೆ ಹೋಗುತ್ತದೆ. ಮೇಲ್ಮೈಯಲ್ಲಿ ಹಾಸಿಗೂ ಹೊಕ್ಕಿಗೂ ಸಮಪಾಲು. 90 ಡಿಗ್ರಿ ತಿರುಗಿಸಿದರೂ ಹೆಚ್ಚುಕಡಿಮೆ ಅದೇ ಬಟ್ಟೆ. ಸ್ಯಾಟಿನ್ ನೇಯ್ಗೆ ಹಾಗಿಲ್ಲ. ಐದೆಳೆ ಸ್ಯಾಟಿನ್‌ನಲ್ಲಿ ಪ್ರತಿ ಹಾಸಿನ ನೂಲು ನಾಲ್ಕು ಹೊಕ್ಕುಗಳ ಮೇಲೆ ತೇಲಿ ಹೋಗಿ, ಒಂದರ ಕೆಳಗೆ ಮುಳುಗುತ್ತದೆ. ಎಂಟೆಳೆಯದರಲ್ಲಿ ಏಳರ ಮೇಲೆ ತೇಲಿ, ಒಂದರ ಕೆಳಗೆ. ಮುಳುಗುವ ಜಾಗಗಳು ಅಕ್ಕಪಕ್ಕ ಬರದಂತೆ ಚೆದುರಿಸಿರುತ್ತಾರೆ. ಹಾಗಾಗಿ ಹೊರಮೈ ಪೂರ್ತಿ ಹಾಸಿನದ್ದೇ ರಾಜ್ಯ. ಹೊಕ್ಕು ಕಾಣುವುದೇ ಅಪರೂಪ. ಹಾಸುಹೊಕ್ಕು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಸ್ಯಾಟಿನ್‌ನ ಮುಖದಲ್ಲಿ ಅವೆರಡೂ ಸಮಾನರಲ್ಲ.

ಎಳೆಯಿಂದ ಬೆಳಕು ಎತ್ತ ಹೋಗುತ್ತದೆ

ಪ್ರಕರಣದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಈ ಬಟ್ಟೆಯ ನೂಲು ಪಾಲಿಯೆಸ್ಟರ್. ಅದರ ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಅಂದರೆ ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಅದು ನುಣುಪಾದ, ಉದ್ದನೆಯ ಗಾಜಿನ ಕಡ್ಡಿಯ ಹಾಗೆ. ಬೆಳಕು ಅದಕ್ಕೆ ಬಡಿದಾಗ ಎರಡು ಕೆಲಸ ನಡೆಯುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 5 ಪಾಲು ಮೇಲ್ಮೈಯಿಂದಲೇ ವಾಪಸ್ ಬರುತ್ತದೆ. ಅದು ಬಣ್ಣದೊಳಗೆ ಹೋಗಿಯೇ ಇರುವುದಿಲ್ಲ, ಹಾಗಾಗಿ ದೀಪ ಬಿಳಿಯಾದರೆ ಈ ಹೊಳಪೂ ಬಿಳಿ. ಓರೆಯಾಗಿ ಬಿದ್ದಷ್ಟೂ ಈ ಪಾಲು ಜಾಸ್ತಿಯಾಗುತ್ತದೆ. ಉಳಿದ ಬೆಳಕು ಎಳೆಯ ಒಳಗೆ ನುಗ್ಗುತ್ತದೆ. ಅಲ್ಲಿ ಬಣ್ಣ ಅದರ ಬಹುಪಾಲನ್ನು ನುಂಗುತ್ತದೆ. ಒಂದು ಎಳೆಯಿಂದ ಇನ್ನೊಂದಕ್ಕೆ ಅಲೆದಾಡಿ ಹೊರಗೆ ಬಂದಷ್ಟು ನೀಲಿಯಾಗಿರುತ್ತದೆ. ಹೀಗೆ ಅಲೆದ ಬೆಳಕಿಗೆ ತಾನು ಎಲ್ಲಿಂದ ಬಂದೆ ಎಂಬ ನೆನಪು ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ಎಲ್ಲ ಕಡೆಗೂ ಚೆದುರುತ್ತದೆ. ಬಟ್ಟೆಯನ್ನು ತಿರುಗಿಸಿದರೂ ಈ ಪಾಲು ಅಷ್ಟಾಗಿ ಬದಲಾಗುವುದಿಲ್ಲ.

ಮೊದಲ ಪಾಲು ಮಾತ್ರ ದಿಕ್ಕು ಮರೆಯುವುದಿಲ್ಲ. ಸಪಾಟು ಕನ್ನಡಿ ಬೆಳಕನ್ನು ಒಂದೇ ಕಡೆಗೆ ಕಳಿಸುತ್ತದೆ. ದುಂಡನೆಯ ಎಳೆ ಹಾಗೆ ಮಾಡಲಾರದು. ಅದರ ಮೈ ಒಂದು ದಿಕ್ಕಿನಲ್ಲಿ ನೇರ, ಇನ್ನೊಂದು ದಿಕ್ಕಿನಲ್ಲಿ ಬಾಗು. ಹಾಗಾಗಿ ಬೆಳಕು ಎಳೆಯ ಉದ್ದಕ್ಕೆ ಎಷ್ಟು ಓರೆಯಾಗಿ ಬಂತೋ ಅಷ್ಟೇ ಓರೆಯಾಗಿ ಮುಂದಕ್ಕೆ ಹೊರಡುತ್ತದೆ, ಆದರೆ ಎಳೆಯ ಸುತ್ತ ಹರಡಿಕೊಂಡು. ಬಿಚ್ಚಿದ ಕೊಡೆಯನ್ನು ನೆನೆಸಿಕೊಳ್ಳಿ. ಕೊಡೆಯ ಕೋಲು ಎಳೆ, ಕೊಡೆಯ ಬಟ್ಟೆ ಇರುವ ಜಾಗವೆಲ್ಲ ಬೆಳಕು ಹೋಗುವ ದಾರಿ. ಬೆಳಕು ಎಳೆಗೆ ಲಂಬವಾಗಿ ಬಿದ್ದರೆ ಕೊಡೆ ಪೂರ್ತಿ ಅಗಲಿಸಿ ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ನಿಮ್ಮ ಕಣ್ಣು ಆ ಕೊಡೆಯ ಮೇಲಿದ್ದರೆ ಹೊಳಪು ಕಾಣುತ್ತದೆ. ಇಲ್ಲದಿದ್ದರೆ ಕಾಣುವುದು ಒಳಗಿನ ಗಾಢ ಬಣ್ಣ ಮಾತ್ರ.

ಇದನ್ನು ಮನೆಯಲ್ಲೇ ನೋಡಬಹುದು. ತೆಳುವಾದ ನುಣುಪು ಸ್ಟೀಲ್ ತಂತಿಯ ಮೇಲೆ ಲೇಸರ್ ಪಾಯಿಂಟರ್ ಬಿಡಿ. ಬೆಳಕು ಯಾರ ಕಣ್ಣಿಗೂ ಬೀಳದಂತೆ ಜಾಗ್ರತೆ ಇರಲಿ. ತಂತಿ ಕಿರಣಕ್ಕೆ ಲಂಬವಾಗಿದ್ದರೆ ಗೋಡೆಯ ಮೇಲೆ ಚುಕ್ಕೆಯ ಬದಲು ಉದ್ದನೆಯ ಗೆರೆ ಮೂಡುತ್ತದೆ, ಅದೂ ತಂತಿಗೆ ಅಡ್ಡವಾಗಿ. ತಂತಿಯನ್ನು ಮೆಲ್ಲಗೆ ಓರೆ ಮಾಡಿದರೆ ಆ ಗೆರೆ ಬಿಲ್ಲಿನಂತೆ ಬಾಗುತ್ತದೆ. ಮೇಡಂ ಮತ್ತು ಮಾಸ್ಟರ್ ಇಬ್ಬರನ್ನೂ ಕೂರಿಸಿ ಇದನ್ನೇ ತೋರಿಸಿದೆ. ಮಾಸ್ಟರ್ ತಂತಿಯನ್ನು ತಾವೇ ಕೈಗೆ ತೆಗೆದುಕೊಂಡು ನಾಲ್ಕೈದು ಸಲ ತಿರುಗಿಸಿ ನೋಡಿದರು.

ಈಗ ಮೂರು ಫೋಟೋಗಳಿಗೆ ಮರಳೋಣ.

ಕಿಟಕಿಯ ಫೋಟೋದಲ್ಲಿ ಬೆಳಕು ಪಕ್ಕದಿಂದ, ನೆಲಕ್ಕೆ ಸಮನಾಗಿ ಬರುತ್ತಿದೆ. ಐದು ಪ್ಯಾನೆಲ್‌ಗಳ ಎಳೆಗಳು ನೆಟ್ಟಗೆ ನಿಂತಿವೆ. ಬೆಳಕು ಅವಕ್ಕೆ ಲಂಬ. ಕೊಡೆ ತಟ್ಟೆಯಾಗಿ ನೆಲಕ್ಕೆ ಸಮನಾಗಿ ಹರಡಿದೆ. ಮೇಡಂ ಮೊಬೈಲನ್ನು ಅದೇ ಎತ್ತರದಲ್ಲಿ ಹಿಡಿದಿದ್ದರು. ಹೊಳಪು ನೇರ ಕ್ಯಾಮೆರಾಕ್ಕೆ. ಆರನೆಯದರ ಎಳೆಗಳು ಅಡ್ಡ. ಎಡದಿಂದ ಬಂದ ಬೆಳಕು ಅವುಗಳ ಉದ್ದಕ್ಕೆ ಓರೆಯಾಗಿ ಜಾರಿ, ಬಲಕ್ಕೇ ಮುಂದುವರಿಯುತ್ತದೆ. ಎದುರಿಗಿದ್ದ ಕ್ಯಾಮೆರಾಕ್ಕೆ ಸಿಕ್ಕಿದ್ದು ಒಳಗಿನ ಕಡು ನೀಲಿ ಮಾತ್ರ. ಹಾಗಾಗಿ "ಕಪ್ಪು".

ಟ್ಯೂಬ್‌ಲೈಟಿನದ್ದು ಇದರ ತಿರುವುಮುರುವು. ಬೆಳಕು ಎದುರಿನಿಂದ, ಮೇಲಿನಿಂದ ಇಳಿಯುತ್ತಿದೆ. ಅಡ್ಡ ಎಳೆಗಳಿಗೆ ಅದು ಲಂಬ. ತಟ್ಟೆ ಈಗ ನೆಟ್ಟಗೆ ನಿಂತು, ಮೇಲೂ ಕೆಳಗೂ ಹರಡಿ, ಎದುರಿಗೆ ನಿಂತ ಮಾಸ್ಟರ್ ಕಣ್ಣನ್ನು ಮುಟ್ಟುತ್ತದೆ. ಉಳಿದ ಐದರಲ್ಲಿ ಬೆಳಕು ನೆಟ್ಟಗಿನ ಎಳೆಯ ಉದ್ದಕ್ಕೆ ಜಾರಿ ನೆಲದ ಕಡೆಗೆ ಹೋಗಿಬಿಡುತ್ತದೆ. ಹಾಗಾಗಿ ಆರನೆಯದು "ಬೆಳ್ಳಗೆ".

ಫ್ಲ್ಯಾಶ್‌ನಲ್ಲಿ ದೀಪವೂ ಕ್ಯಾಮೆರಾವೂ ಒಂದೇ ಜಾಗ, ಬಟ್ಟೆಗೆ ನೇರ ಎದುರು. ಬೆಳಕು ನೆಟ್ಟಗಿನ ಎಳೆಗೂ ಲಂಬ, ಅಡ್ಡ ಎಳೆಗೂ ಲಂಬ. ಎರಡೂ ಒಂದೇ ಪ್ರಮಾಣದಲ್ಲಿ ವಾಪಸ್ ಕಳಿಸುತ್ತವೆ. ವ್ಯತ್ಯಾಸ ಸೊನ್ನೆ.

ನಿಜವಾದ ಬಟ್ಟೆಯಲ್ಲಿ ಇದು ಇಷ್ಟು ಖಡಾಖಂಡಿತವಾಗಿ ಇರುವುದಿಲ್ಲ. ತೇಲುವ ನೂಲು ಮೇಲೆದ್ದು ಬಾಗಿ ಮತ್ತೆ ಮುಳುಗುತ್ತದೆ. ಆ ಬಾಗಿನಿಂದ ಕೊಡೆಯ ಅಂಚು ಮಸುಕಾಗುತ್ತದೆ. ನೂಲಿನಲ್ಲಿ ತಿರುಚು ಇದ್ದರೆ ಎಳೆಗಳು ನೂಲಿನ ದಿಕ್ಕಿಗೇ ಓರೆಯಾಗಿರುತ್ತವೆ, ಹೊಳಪು ಆ ಕಡೆಗೆ ಸರಿಯುತ್ತದೆ. ಬಲಕ್ಕೆ ತಿರುಚಿದ ನೂಲನ್ನೂ ಎಡಕ್ಕೆ ತಿರುಚಿದ ನೂಲನ್ನೂ ಸಾಲುಸಾಲಾಗಿ ಹಾಕಿ, ಒಂದೇ ಬಣ್ಣದಲ್ಲಿ ನೆರಳಿನಂಥ ಪಟ್ಟೆ ಬರಿಸುವುದು ನೇಕಾರರ ಹಳೆಯ ಜಾಣ್ಮೆ. ಕಂಪ್ಯೂಟರಿನಲ್ಲಿ ಬಟ್ಟೆಯ ಚಿತ್ರ ಮೂಡಿಸುವವರೂ ಇದೇ ದಾರಿ ಹಿಡಿದಿದ್ದಾರೆ. ಪಿತಿ ಇರಾವನ್ ಮತ್ತು ಸ್ಟೀವ್ ಮಾರ್ಶ್‌ನರ್ 2012ರಲ್ಲಿ ಪ್ರಕಟಿಸಿದ ಮಾದರಿ ಬಟ್ಟೆಯನ್ನು ಬರೀ ಹಾಳೆ ಎಂದು ನೋಡದೆ, ನೂಲಿನ ಬಾಗು, ತಿರುಚು, ನೇಯ್ಗೆಯ ಕ್ರಮ ಇವುಗಳಿಂದ ಹೊಳಪನ್ನು ಲೆಕ್ಕ ಹಾಕುತ್ತದೆ. ಇವನ್ನೆಲ್ಲ ಬಿಟ್ಟು ಬರೆದ ಸ್ಯಾಟಿನ್ ಪರದೆಯ ಮೇಲೆ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ.

ಈ ಗೌನಿನಲ್ಲಿ ದೋಷ ಇಷ್ಟು ಎದ್ದು ಕಾಣಲು ಬಣ್ಣವೂ ಒಂದು ಕಾರಣ. ಕಡು ನೀಲಿಯಲ್ಲಿ ಒಳಗಿನಿಂದ ಬರುವ ಬೆಳಕು ತೀರಾ ಕಮ್ಮಿ. ಮೇಲ್ಮೈಯ ಆ ಚೂರು ಬಿಳಿ ಹೊಳಪೇ ಅದರ ಮುಂದೆ ದೊಡ್ಡದು. ಬಿಳಿ ಸ್ಯಾಟಿನ್ ಆಗಿದ್ದರೆ ಒಳಗಿನಿಂದಲೇ ಬೇಕಾದಷ್ಟು ಬೆಳಕು ಬರುತ್ತಿತ್ತು, ಬಹುಶಃ ಯಾರೂ ಜಗಳವಾಡುತ್ತಿರಲಿಲ್ಲ. ನೂಲಿನ ಬಗೆಯೂ ಮುಖ್ಯ. ಪಾಲಿಯೆಸ್ಟರ್ ಎಳೆಯ ಹೊಳಪು ತಗ್ಗಿಸಬೇಕಾದರೆ ತಯಾರಿಸುವಾಗಲೇ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆಸುತ್ತಾರೆ. ಅರೆಮಂಕು ನೂಲಿಗೆ ನೂರಕ್ಕೆ ಸುಮಾರು 0.3, ಪೂರ್ತಿ ಮಂಕು ಬೇಕಾದರೆ ಸುಮಾರು 2. ಆ ಕಣಗಳು ಒಳಗೆ ಹೊಕ್ಕ ಬೆಳಕನ್ನು ಚೆದುರಿಸುತ್ತವೆ. ನಮ್ಮ ಬಟ್ಟೆ ಹೊಳಪಿನ ಜಾತಿಯದು. ಹತ್ತಿಯ ಕತೆ ಬೇರೆ. ಅದರ ನಾರು ಚಪ್ಪಟೆ, ತಿರುಚಿದ ರಿಬ್ಬನ್ನಿನಂತೆ, ಬೆಳಕನ್ನು ಸಿಕ್ಕಸಿಕ್ಕ ಕಡೆ ಎಸೆಯುತ್ತದೆ. ಜಾನ್ ಮರ್ಸರ್ 1844ರಲ್ಲಿ ಕಾಸ್ಟಿಕ್ ಸೋಡಾದಲ್ಲಿ ಹತ್ತಿಯನ್ನು ನೆನೆಸಿ ನೋಡಿದರು. ಹಾಗೆ ಮಾಡಿದಾಗ ನಾರು ಉಬ್ಬಿ ದುಂಡಗಾಗುತ್ತದೆ. 1890ರಲ್ಲಿ ಹೊರೇಸ್ ಲೋ ಅದನ್ನೇ ಎಳೆದು ಬಿಗಿಯಾಗಿ ಹಿಡಿದು ಮಾಡಿದಾಗ ಹೊಳಪು ಬಂತು. ಹತ್ತಿಯೂ ಹೊಳೆಯಿತು ಎಂದರೆ ಅದರ ನಾರು ನಮ್ಮ ಗಾಜಿನ ಕಡ್ಡಿಯ ಆಕಾರಕ್ಕೆ ಒಂದಿಷ್ಟು ಹತ್ತಿರ ಬಂತು ಎಂದೇ ಅರ್ಥ.

ಏನು ಮಾಡಿದೆವು

ಮಾಸ್ಟರ್ ಒಂದು ಉಪಾಯ ಹೇಳಿದರು. ಎಡಗಡೆಯ ಪ್ಯಾನೆಲನ್ನೂ ಅಡ್ಡ ಮಾಡಿಬಿಟ್ಟರೆ ಬೇಕೆಂದೇ ಮಾಡಿದ ಡಿಸೈನ್ ಆಗುತ್ತೆ, ಅಲ್ವಾ? ನನಗೆ ಈ ಮಾತು ಬಹಳ ಹಿಡಿಸಿತು. ಡಮಾಸ್ಕ್ ಬಟ್ಟೆಯ ಜೀವವೇ ಅದು. ಹಾಸೂ ಹೊಕ್ಕೂ ಒಂದೇ ಬಣ್ಣ. ಹೂವಿನ ಜಾಗದಲ್ಲಿ ಹಾಸು ಮೇಲೆ ತೇಲುತ್ತದೆ, ಹಿನ್ನೆಲೆಯಲ್ಲಿ ಹೊಕ್ಕು. ಬೇರೆ ಬಣ್ಣವೇ ಇಲ್ಲದೆ ಹೂವು ಮೂಡುತ್ತದೆ, ಬಟ್ಟೆ ತಿರುಗಿಸಿದರೆ ಹೊಳೆಯುತ್ತಿದ್ದ ಹೂವು ಮಂಕಾಗಿ ಹಿನ್ನೆಲೆ ಹೊಳೆಯುತ್ತದೆ. ಆದರೆ ಗೌನು ಮೇಡಂದು. ಅವರಿಗೆ ಒಂದೇ ಬಣ್ಣವಾಗಿ ಕಾಣುವ ಗೌನೇ ಬೇಕಿತ್ತು.

ಹೊಸ ಬಟ್ಟೆ ತಂದರೆ ಈ ಸಲ ನಿಜವಾಗಿಯೂ ಬೇರೆ ಬ್ಯಾಚಿನದು ಬರುವ ಭಯ. ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಹರಡಿ ನೋಡಿದೆವು. ಥಾನಿನ ಅಂಚಿನ ಪಕ್ಕದಲ್ಲಿ ಉಳಿದಿದ್ದ ಎರಡು ಉದ್ದನೆ ಪಟ್ಟಿಗಳು ಸಿಕ್ಕಿದವು. ಒಂದರಲ್ಲೇ ಪ್ಯಾನೆಲ್ ಬರುವಷ್ಟು ಅಗಲವಿಲ್ಲ, ಎರಡು ಸೇರಿಸಿದರೆ ಬರುತ್ತದೆ. ಭೂತಗನ್ನಡಿಯಲ್ಲಿ ಎಳೆಯ ದಿಕ್ಕು ನೋಡಿ, ಮೇಲ್ತುದಿ ಯಾವುದು ಎಂದು ಚಾಕ್‌ನಿಂದ ಬಾಣ ಬರೆದೆ. ಸ್ಯಾಟಿನ್‌ನಲ್ಲಿ ತಲೆಕೆಳಗಾಗಿ ಇಟ್ಟರೂ ಕೆಲವೊಮ್ಮೆ ಸಣ್ಣ ವ್ಯತ್ಯಾಸ ಬರುತ್ತದೆ. ಫಿನಿಶಿಂಗ್ ಮಾಡುವಾಗ ಎಳೆಗಳು ಒಂದು ಕಡೆಗೆ ಒರಗಿರಬಹುದು. ವೆಲ್ವೆಟ್ ಆಗಿದ್ದರಂತೂ ಈ ಬಾಣ ಇಲ್ಲದೆ ಕತ್ತರಿ ಹಿಡಿಯಲೇಬಾರದು. ಅಲ್ಲಿ ನಿಂತ ಎಳೆಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ, ತಲೆಕೆಳಗಾದರೆ ಗಾಢತೆಯೇ ಬದಲಾಗುತ್ತದೆ.

ಎರಡು ಪಟ್ಟಿ ಸೇರಿಸಿದ ಹೊಲಿಗೆ ಮಡಿಕೆಯ ಒಳಗೆ ಮರೆಯಾಗುವಂತೆ ಮಾಸ್ಟರ್ ಹೊಂದಿಸಿದರು. ಮುಗಿದ ಮೇಲೆ ಅದೇ ಕಿಟಕಿಯ ಬೆಳಕು, ಅದೇ ಟ್ಯೂಬ್‌ಲೈಟ್, ಫ್ಲ್ಯಾಶ್, ಮೂರರಲ್ಲೂ ಫೋಟೋ ತೆಗೆದೆವು. ಆರು ಪ್ಯಾನೆಲ್ ಒಟ್ಟಿಗೆ ಹೊಳೆದವು, ಒಟ್ಟಿಗೆ ಗಾಢವಾದವು.

ಒಂದು ಗುರುತು ಮಾತ್ರ ಉಳಿಯಿತು. ಹಳೆಯ ಪ್ಯಾನೆಲ್ ಬಿಚ್ಚಿದಾಗ ಅದರ ಅಕ್ಕಪಕ್ಕದ ಪ್ಯಾನೆಲ್‌ಗಳ ಅಂಚಿನಲ್ಲಿ ಸೂಜಿಯ ತೂತುಗಳ ಸಾಲು. ಬಣ್ಣ ಹೋಗಿಲ್ಲ, ಎಳೆ ತುಂಡಾಗಿಲ್ಲ. ತೂತಿನ ಸುತ್ತ ಎಳೆಗಳು ಪಕ್ಕಕ್ಕೆ ಸರಿದು ಬೇರೆ ದಿಕ್ಕಿಗೆ ವಾಲಿವೆ, ಅಷ್ಟೇ. ಅಷ್ಟಕ್ಕೇ ಓರೆ ಬೆಳಕಿನಲ್ಲಿ ಒಂದೊಂದೂ ಕಪ್ಪು ಚುಕ್ಕೆಯಾಗಿ ಕಂಡಿತು. ಮಾಸ್ಟರ್ ಹಬೆ ಹಿಡಿದು, ಉಗುರಿನಿಂದ ಎಳೆಯ ಉದ್ದಕ್ಕೆ ಮೆಲ್ಲಗೆ ತೀಡಿದರು. ಹೆಚ್ಚಿನವು ಮುಚ್ಚಿಕೊಂಡವು. ಸೊಂಟದ ಹತ್ತಿರ ಏಳೆಂಟು ಚುಕ್ಕೆ ಈಗಲೂ ಇವೆ, ಕಿಟಕಿಯ ಕಡೆ ತಿರುಗಿದಾಗ ಮಾತ್ರ ಕಾಣುತ್ತವೆ.